ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸಿರುಗುಪ್ಪದಿಂದ ಅಕ್ಕನ ಮನೆ ಕಡೆಯವರು, ಮಾನ್ವಿಯಿಂದ ಹಳೇ ಗೆಳೆಯ, ಕುಷ್ಟಗಿಯಿಂದ ಯಾರದೋ ಸೋದರಮಾವ. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಕೆಲವು ವರ್ಷ ಪ್ಲಾಂಟ್‌ನಲ್ಲಿ ಶಿಫ್ಟ್ ಮಾಡಿ, ಆಮೇಲೆ ವರ್ಕ್‌ಶಾಪ್‌ನಲ್ಲಿ ಹುಡುಗರಿಗೆ ಕಲಿಸಲು ನಿಂತವನು ನಾನು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಹದಿನೈದು ಪ್ರಶ್ನೆ. ಅದಕ್ಕೇ ಒಂದು ಸಲ ಕೂತು ಬರೆದಿಡುತ್ತಿದ್ದೇನೆ.

ನಮ್ಮ ಭಾಗಕ್ಕೆ ತಾಂತ್ರಿಕ ಕಾಲೇಜುಗಳು ಯಾಕೆ ಇಷ್ಟು ತಡವಾಗಿ ಬಂದವು?

ನಾವು ಯಾವಾಗಲೂ ಬೇರೆ ಯಾರದೋ ರಾಜ್ಯದ ಅಂಚಿನಲ್ಲಿದ್ದೆವು, ಅದಕ್ಕೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು ಮತ್ತು ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಯಲ್ಲಿದ್ದವು. ಆಮೇಲೂ 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಉಳಿದವು. ಆಗ ಕೊಪ್ಪಳ ರಾಯಚೂರು ಜಿಲ್ಲೆಯ ಭಾಗ. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಇದರ ಅರ್ಥ ಏನು ನೋಡಿ. ಮೈಸೂರು ಸೀಮೆಯ ಹುಡುಗನಿಗೆ 1917ರಲ್ಲೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಸಿಕ್ಕಿತು. ಬಳ್ಳಾರಿಯ ಹುಡುಗ ಇಂಜಿನಿಯರ್ ಆಗಬೇಕಾದರೆ ರೈಲು ಹತ್ತಿ ಮದ್ರಾಸಿನ ಗಿಂಡಿಗೆ ಹೋಗಬೇಕಿತ್ತು. ರಾಯಚೂರಿನವನ ಪಾಡು ಇನ್ನೂ ಕಷ್ಟ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 1929ರಿಂದ ಇಂಜಿನಿಯರಿಂಗ್ ಕಾಲೇಜು ಇತ್ತು, ಆದರೆ ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ಉರ್ದು ಮಾಧ್ಯಮಕ್ಕಾಗಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಾಲೇಜಿನಲ್ಲಿ ಉರ್ದು. ಇಷ್ಟನ್ನು ದಾಟಿ ಎಷ್ಟು ಮಂದಿ ಹೋಗಿರಬಹುದು, ನೀವೇ ಯೋಚಿಸಿ.

ತುಂಗಭದ್ರಾ ಅಣೆಕಟ್ಟೂ ಹಾಗೇ ಕಟ್ಟಿದ್ದು. 1945ರಲ್ಲಿ ಕೆಲಸ ಶುರುವಾದಾಗ ಹೊಳೆಯ ಈ ದಂಡೆ ಮದ್ರಾಸಿನದು, ಮುನಿರಾಬಾದ್ ಕಡೆಯ ದಂಡೆ ಹೈದರಾಬಾದಿನದು. ಎರಡು ಸರ್ಕಾರದ ಇಂಜಿನಿಯರುಗಳು ಎರಡು ಕಡೆಯಿಂದ ಕಟ್ಟಿಕೊಂಡು ಬಂದರು. ಕಲ್ಲು ಹೊತ್ತವರು ನಮ್ಮವರು. ನಕ್ಷೆ ಹಿಡಿದವರು ಹೆಚ್ಚಾಗಿ ಹೊರಗಿನವರು.

ಹಾಗಾದರೆ ಮೊದಲು ಬಂದ ಕಾಲೇಜು ಯಾವುದು?

ಹೈದರಾಬಾದ್ ಕರ್ನಾಟಕದ, ಅಂದರೆ ಈಗಿನ ಕಲ್ಯಾಣ ಕರ್ನಾಟಕದ, ಮೊದಲ ಇಂಜಿನಿಯರಿಂಗ್ ಕಾಲೇಜು ಕಲಬುರಗಿಯ ಪಿಡಿಎ, 1958ರಲ್ಲಿ ಶುರುವಾಯಿತು. ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನದು. ಬಹಳ ವರ್ಷ ನಮ್ಮ ಕಡೆಯವರಿಗೆ ಇಂಜಿನಿಯರಿಂಗ್ ಅಂದರೆ ಕಲಬುರಗಿ, ಇಲ್ಲವೇ ಹುಬ್ಬಳ್ಳಿ.

ಬಳ್ಳಾರಿಗೆ 1980ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜು ಬಂತು. ಮೊದಲು ವಿಜಯನಗರ ಇಂಜಿನಿಯರಿಂಗ್ ಕಾಲೇಜು ಅಂತಿತ್ತು, ಈಗ ಅದನ್ನು ಆರ್‌ವೈಎಂಇಸಿ ಎನ್ನುತ್ತಾರೆ. ಪೂರ್ತಿ ಹೆಸರು ರಾವ್ ಬಹದ್ದೂರ್ ವೈ. ಮಹಾಬಳೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು. ಹಳಬರು ಇವತ್ತಿಗೂ ವಿಜಯನಗರ ಕಾಲೇಜು ಅಂತಲೇ ಕರೆಯುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. 1997ರಲ್ಲಿ ಬಳ್ಳಾರಿಯಲ್ಲೇ ಬಿಐಟಿಎಂ ಶುರುವಾಯಿತು. ರಾಯಚೂರಿನಲ್ಲೂ ಖಾಸಗಿ ಕಾಲೇಜುಗಳು ಬಂದವು.

ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬರಲು ಮಾತ್ರ 2007ರ ತನಕ ಕಾಯಬೇಕಾಯಿತು. ಆ ವರ್ಷ ರಾಜ್ಯದಲ್ಲಿ ಹಲವು ಕಡೆ ಒಟ್ಟಿಗೇ ಸರ್ಕಾರಿ ಕಾಲೇಜು ತೆರೆದರು. ರಾಯಚೂರಿಗೆ ಒಂದು, ಹೂವಿನಹಡಗಲಿಗೆ ಒಂದು ಬಂತು. ಹಡಗಲಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆ. ಕೊಪ್ಪಳ ಜಿಲ್ಲೆಯ ತಳಕಲ್‌ನಲ್ಲೂ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಇವೆಲ್ಲ ಈಗ ಬೆಳಗಾವಿಯ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ವಿಟಿಯು ಹುಟ್ಟಿದ್ದು 1998ರಲ್ಲಿ. ಅದಕ್ಕೂ ಮುಂಚೆ, ಎಂಬತ್ತು ತೊಂಬತ್ತರ ದಶಕದಲ್ಲಿ ಓದಿದವರ ಮಾರ್ಕ್ಸ್ ಕಾರ್ಡಿನ ಮೇಲೆ ಗುಲ್ಬರ್ಗಾ ವಿಶ್ವವಿದ್ಯಾಲಯ ಅಂತಿರುತ್ತದೆ.

ರಾಯಚೂರಿಗೆ ಐಐಟಿ ಬರಬೇಕಿತ್ತಂತೆ, ನಿಜವೇ?

ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಹಿಡಿದುಕೊಂಡು, ಐಐಟಿ ನಮಗೇ ಬೇಕು ಅಂತ ರಾಯಚೂರಿನವರು ಬಹಳ ಹೋರಾಡಿದರು. ಕೊನೆಗೆ ಐಐಟಿ ಧಾರವಾಡಕ್ಕೆ ಹೋಯಿತು, 2016ರಲ್ಲಿ ಅಲ್ಲಿ ಪಾಠ ಶುರುವಾಯಿತು. ಈ ಮಾತು ತೆಗೆದರೆ ರಾಯಚೂರಿನ ಚಹಾದಂಗಡಿಯಲ್ಲಿ ಇವತ್ತಿಗೂ ಒಂದು ತಾಸು ಹೋಗುತ್ತದೆ. ಹೋಗಬೇಕು ಕೂಡ.

ರಾಯಚೂರಿಗೆ ಸಿಕ್ಕಿದ್ದು ಐಐಐಟಿ, ಒಂದು 'ಐ' ಜಾಸ್ತಿ. ಅದು ಮಾಹಿತಿ ತಂತ್ರಜ್ಞಾನದ ಸಂಸ್ಥೆ. 2019ರ ಮೊದಲ ಬ್ಯಾಚಿನವರು ಓದಿದ್ದು ಐಐಟಿ ಹೈದರಾಬಾದ್ ಆವರಣದಲ್ಲಿ, ಆಮೇಲೆ ರಾಯಚೂರಿಗೆ ಬಂತು. ಇಲ್ಲಿಗೆ ನಮ್ಮ ಸಿಇಟಿ ನಡೆಯುವುದಿಲ್ಲ, ಜೆಇಇ ಮೇನ್ ಬರೆಯಬೇಕು. ಮನೆ ಪಕ್ಕದಲ್ಲೇ ರಾಷ್ಟ್ರಮಟ್ಟದ ಸಂಸ್ಥೆ ಇದ್ದೂ ನಮ್ಮ ಹುಡುಗರು ಜೆಇಇ ಅರ್ಜಿಯನ್ನೇ ಹಾಕುವುದಿಲ್ಲ ಅನ್ನುವುದು ನನ್ನ ದೊಡ್ಡ ಬೇಜಾರು. ಸಿಗುತ್ತದೋ ಬಿಡುತ್ತದೋ, ಪಿಯುಸಿ ಸೈನ್ಸ್ ಓದುವ ಮಗು ಒಂದು ಸಲ ಬರೆಯಲಿ.

ಐಟಿಐ, ಡಿಪ್ಲೊಮಾ, ಬಿಇ: ಮೂರಕ್ಕೂ ಏನು ವ್ಯತ್ಯಾಸ?

ಒಂದು ಪಂಪ್ ಕೆಟ್ಟಿದೆ ಅಂದುಕೊಳ್ಳಿ. ಐಟಿಐ ಕಲಿತವರು ಅದನ್ನು ಬಿಚ್ಚಿ, ಬೇರಿಂಗ್ ಬದಲಿಸಿ, ಮತ್ತೆ ಕೂರಿಸುತ್ತಾರೆ. ಡಿಪ್ಲೊಮಾದವರು ಈ ಬೇರಿಂಗ್ ಮೂರು ತಿಂಗಳಿಗೊಮ್ಮೆ ಯಾಕೆ ಹೋಗುತ್ತಿದೆ ಅಂತ ಹುಡುಕುತ್ತಾರೆ. ಬಿಇ ಮಾಡಿದವರು ಆ ಜಾಗಕ್ಕೆ ಎಂಥ ಪಂಪ್ ಬೇಕಿತ್ತು ಅಂತ ಲೆಕ್ಕ ಹಾಕುತ್ತಾರೆ. ಇದು ಕಾಗದದ ಮೇಲಿನ ಮಾತು. ಪ್ಲಾಂಟ್‌ನಲ್ಲಿ ಒಬ್ಬ ಪಳಗಿದ ಫಿಟ್ಟರ್ ಮೂರೂ ಕೆಲಸ ಮಾಡಿ, ಏನೂ ಆಗದವರ ಹಾಗೆ ಸುಮ್ನೆ ನಿಂತಿರುತ್ತಾರೆ.

ಲೆಕ್ಕಕ್ಕೆ ಬಂದರೆ: ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಹೆಚ್ಚಿನ ಟ್ರೇಡ್‌ಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಪಿಯುಸಿ ಸೈನ್ಸ್ ಅಥವಾ ಎರಡು ವರ್ಷದ ಐಟಿಐ ಮುಗಿಸಿದವರು ಸೀದಾ ಎರಡನೇ ವರ್ಷಕ್ಕೆ ಸೇರಬಹುದು. ಬಿಇ ಪಿಯುಸಿ ಆದ ಮೇಲೆ ನಾಲ್ಕು ವರ್ಷ. ಸಿಇಟಿ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯನ್ನು ಹಗುರ ಮಾಡಿಕೊಂಡು ಸಿಇಟಿ ಕೋಚಿಂಗಿಗೆ ಓಡುವವರು ಇದನ್ನು ಎರಡು ಸಲ ಓದಿ.

ನಡುವೆ ಇನ್ನೊಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಸರ್ಕಾರದ ಜಿಟಿಟಿಸಿ, ಅಂದರೆ ಟೂಲ್ ರೂಮ್ ತರಬೇತಿ ಕೇಂದ್ರ. ಬೆಂಗಳೂರಿನಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು. ನಮ್ಮ ಕಡೆ ಹೊಸಪೇಟೆ, ಲಿಂಗಸುಗೂರಿನಲ್ಲಿ ಇವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಸುವ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ ಕಲಿಯಬೇಕು. ಶಿಸ್ತು ಬಿಗಿ. ಕೈಕೆಲಸ ಇಷ್ಟ ಇರುವ ಮಗುವಾದರೆ ನಾನು ಮೊದಲು ಹೇಳುವುದು ಇದನ್ನೇ.

ಡಿಪ್ಲೊಮಾ ಅಂದರೆ ಪಿಯುಸಿ ಆಗದವರು ಮಾಡುವುದು ಅಲ್ವಾ?

ಅಲ್ಲ. ಈ ಮಾತು ಹೇಳುವ ನೆಂಟರನ್ನು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಬೇಡಿ.

ಯಾವ ಬ್ರಾಂಚ್ ತೆಗೆದುಕೊಳ್ಳಬೇಕು?

ಎಲ್ಲರೂ ಕಂಪ್ಯೂಟರ್ ಸೈನ್ಸ್ ಅನ್ನುತ್ತಾರೆ. ಮಗುವಿಗೆ ಅದು ನಿಜವಾಗಿ ಇಷ್ಟ ಇದ್ದರೆ ಸರಿ. ಪಕ್ಕದ ಮನೆಯವರು ತೆಗೆದುಕೊಂಡರು ಅಂತಾದರೆ ಒಂದು ನಿಮಿಷ ನಿಂತು ಸುತ್ತ ನೋಡಿ.

ನಮ್ಮ ಮೂರು ಜಿಲ್ಲೆಯಲ್ಲಿ ಯಂತ್ರಗಳಿಗೆ ಬರವಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಎಂಟು ಘಟಕ, ಒಟ್ಟು 1,720 ಮೆಗಾವಾಟ್. ಮೊದಲ ಘಟಕ ಶುರುವಾದದ್ದು 1985ರಲ್ಲಿ. ಪಕ್ಕದ ಯರಮರಸ್‌ನಲ್ಲಿ 800 ಮೆಗಾವಾಟಿನ ಎರಡು ಘಟಕ. ಬಳ್ಳಾರಿ ಹತ್ತಿರ ಕುಡಿತಿನಿಯಲ್ಲಿ ಇನ್ನೊಂದು ಸ್ಥಾವರ. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು, ಕೊಪ್ಪಳದ ಗಿಣಿಗೇರಾ ಸುತ್ತ ಕಬ್ಬಿಣದ ಕಾರ್ಖಾನೆಗಳು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯಲ್ಲಿ ಇನ್ನೂ ಚಿನ್ನ ತೆಗೆಯುತ್ತಿದ್ದಾರೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಲ್ಲಿ ರೈಸ್ ಮಿಲ್ಲುಗಳ ಸಾಲು. ಕುಷ್ಟಗಿ, ಕುಕನೂರು ಕಡೆ ಹೋದರೆ ಹೊಲದ ನಡುವೆ ಗಾಳಿಯಂತ್ರಗಳು.

ಇವೆಲ್ಲಕ್ಕೂ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಮೆಟಲರ್ಜಿ, ಇನ್‌ಸ್ಟ್ರುಮೆಂಟೇಶನ್ ಕಲಿತವರು ಬೇಕು. ಆದರೆ ರೈಸ್ ಮಿಲ್ಲಿನಲ್ಲಿ ಬಣ್ಣಗೆಟ್ಟ ಅಕ್ಕಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಕೆಟ್ಟರೆ ದೂರದ ಊರಿನಿಂದ ಮೆಕ್ಯಾನಿಕ್ ಬರುವ ತನಕ ಮಾಲೀಕರು ಕೈ ಕಟ್ಟಿ ಕೂತಿರುವುದನ್ನು ನಾನೇ ನೋಡಿದ್ದೇನೆ. ಸುಗ್ಗಿಯಲ್ಲಿ ಆ ಎರಡು ದಿನದ ಬೆಲೆ ಏನು ಅಂತ ಮಿಲ್ಲಿನವರನ್ನೇ ಕೇಳಿ.

2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿರಬೇಕು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ನಾಲೆ ನಂಬಿದ ಅಷ್ಟೂ ಜನರ ಜೀವ ಬಾಯಿಗೆ ಬಂದಿತ್ತು. ಆಗ ಗೇಟುಗಳ ಕೆಲಸದಲ್ಲೇ ಜೀವನ ಕಳೆದ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಉಕ್ಕಿನ ಅಡ್ಡ ಹಲಗೆಗಳನ್ನು, ಅಂದರೆ ಸ್ಟಾಪ್ ಲಾಗ್‌ಗಳನ್ನು, ಇಲ್ಲೇ ಸುತ್ತಮುತ್ತ ಮಾಡಿಸಿದರು. ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅಲ್ಲಿ ಬೆಸುಗೆ ಹಾಕಿದವರು, ಕ್ರೇನ್ ಹಿಡಿದವರು, ಅಳತೆ ತೆಗೆದವರು, ಎಲ್ಲರೂ ಐಟಿಐ, ಡಿಪ್ಲೊಮಾ ಸಿಲಬಸ್ಸಿನಲ್ಲಿ ಇರುವ ಕೆಲಸವನ್ನೇ ಮಾಡಿದ್ದು. ಅಣೆಕಟ್ಟಿನ ಬದಿಯಲ್ಲೇ ಒಂದು ಕಾಲಕ್ಕೆ ಗೇಟು ತಯಾರಿಸುವ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. ಅದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆ ವಾರ ಅದನ್ನು ನೆನೆಯದ ಹಳಬರಿಲ್ಲ.

ಇನ್ನು ಸಿವಿಲ್. ಸ್ವಂತ ಕೆಲಸ ಮಾಡುವ ಧೈರ್ಯ ಇದ್ದರೆ ಒಳ್ಳೆಯದು. ರೈತರ ಮನೆ ಮಕ್ಕಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಬಿ.ಟೆಕ್ ಕಡೆಗೂ ಒಮ್ಮೆ ನೋಡಬೇಕು. ಟ್ರ್ಯಾಕ್ಟರು, ಹನಿ ನೀರಾವರಿ, ಧಾನ್ಯ ಸಂಸ್ಕರಣೆ ಎಲ್ಲ ಅದರಲ್ಲಿ ಬರುತ್ತವೆ. ಗಣಿ ಕಡೆ ಒಲವಿದ್ದು ಸೈನ್ಸ್ ಡಿಗ್ರಿ ಆದವರಿಗೆ ಸಂಡೂರಿನ ನಂದಿಹಳ್ಳಿಯಲ್ಲಿ ಖನಿಜ ಸಂಸ್ಕರಣೆಯ ಸ್ನಾತಕೋತ್ತರ ಕೋರ್ಸ್ ಇದೆ. ಇಂಥದ್ದು ದೇಶದಲ್ಲೇ ಅಪರೂಪ, ನಮ್ಮ ಬಾಗಿಲಲ್ಲಿದೆ.

ಕಾಲೇಜು ನೋಡಲು ಹೋದಾಗ ಏನು ನೋಡಬೇಕು?

ಆಫೀಸಿನಲ್ಲಿ ಚಹಾ ಕೊಡುತ್ತಾರೆ, ಕುಡಿಯಿರಿ. ಆಮೇಲೆ ಎದ್ದು ವರ್ಕ್‌ಶಾಪ್ ತೋರಿಸಿ ಅನ್ನಿ.

ಲೇತ್ ಮಷಿನಿನ ಕೆಳಗಿನ ಟ್ರೇ ನೋಡಿ. ಅಲ್ಲಿ ಕಬ್ಬಿಣದ ಸುರುಳಿ ಚೂರುಗಳು ಇದ್ದರೆ ಆ ಮಷಿನ್ ಓಡುತ್ತಿದೆ ಅಂತ ಅರ್ಥ. ಗುಡಿಸಿ, ಬಣ್ಣ ಬಳಿದು, ಹೂವು ಹಾಕಿ ಇಟ್ಟಿದ್ದರೆ ಅದು ಆಯುಧ ಪೂಜೆಗೆ ಮಾತ್ರ. ವೆಲ್ಡಿಂಗ್ ಬೂತಿನ ಗೋಡೆಗೆ ಮಸಿ ಹಿಡಿದಿದೆಯಾ? ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ವೈರುಗಳ ತುದಿ ಸವೆದಿವೆಯಾ? ಒಂದು ಬ್ಯಾಚಿಗೆ ಎಷ್ಟು ಹುಡುಗರು, ಎಷ್ಟು ಮಷಿನ್? ಇದನ್ನು ಪ್ರಿನ್ಸಿಪಾಲರಿಗಿಂತ ಅಲ್ಲೇ ನಿಂತಿರುವ ಎರಡನೇ ವರ್ಷದ ಹುಡುಗನನ್ನು ಕೇಳಿ, ಸತ್ಯ ಹೇಳುತ್ತಾನೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ತಂಗಿಯ ಮಗನನ್ನು ಒಂದು ಖಾಸಗಿ ಕಾಲೇಜಿಗೆ ಸೇರಿಸಿದೆವು. ಕರಪತ್ರದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷಿನಿನ ದೊಡ್ಡ ಫೋಟೋ ಇತ್ತು. ಮೂರು ವರ್ಷವೂ ಆ ಮಷಿನಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ತೆಗೆಯಲಿಲ್ಲ. ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ ಅನ್ನುವುದು ಅವರ ವಾದ. ಅವನು ಸಿಎನ್‌ಸಿ ಮುಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಅಲ್ಲಿನ ಆಪರೇಟರ್ ಮರುಕಪಟ್ಟು ಕಲಿಸಿದ್ದಕ್ಕೆ. ನಾನೇ ಈ ಕ್ಷೇತ್ರದವನು, ಆದರೂ ಹೋಗಿ ನೋಡಿರಲಿಲ್ಲ. ತಂಗಿ ಈಗಲೂ ಆಗಾಗ ನೆನಪಿಸುತ್ತಾಳೆ.

ಸರ್ಕಾರಿ ಐಟಿಐ ಅಂದರೆ ಹಳೇ ಮಷಿನ್ ಅಂತ ಮೂಗು ಮುರಿಯಬೇಡಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರ ಹಾಕಿದ್ದಾರೆ. ನಿಮ್ಮ ಊರಿನದು ಆ 150ರಲ್ಲಿದೆಯಾ ಅಂತ ವಿಚಾರಿಸಿ.

371ಜೆ ಸರ್ಟಿಫಿಕೇಟ್ ಬೇಕೇ ಬೇಕಾ?

ಬೇಕೇ ಬೇಕು. ಹೈದರಾಬಾದ್ ಕರ್ನಾಟಕದವರಿಗೆ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಮೀಸಲಾತಿ ಸೌಲಭ್ಯ ಇದು, 2013ರಲ್ಲಿ ಆದೇಶ ಹೊರಟಿತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ. ಹೊರಗಿನ ಭಾಗದ ಸಂಸ್ಥೆಗಳಲ್ಲಿ ಶೇ. 8. ಬಳ್ಳಾರಿ ಹೈದರಾಬಾದ್ ರಾಜ್ಯದಲ್ಲಿ ಇರಲಿಲ್ಲ, ಆದರೂ ಇದರಲ್ಲಿ ಸೇರಿದೆ. ನಮಗೆ ಇದು ಬರಲ್ಲ ಅಂತ ಸುಮ್ಮನಿರುವ ಬಳ್ಳಾರಿಯವರು ಇನ್ನೂ ಇದ್ದಾರೆ!

ಅರ್ಜಿ ನಾಡಕಚೇರಿಯಲ್ಲಿ, ಸರ್ಟಿಫಿಕೇಟ್ ಕೊಡುವುದು ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಕಚೇರಿಯಿಂದ. ರಿಸಲ್ಟ್ ಬಂದ ಮೇಲೆ ಓಡಬೇಡಿ. ಆಗ ಸಾಲು ಉದ್ದ, ಸರ್ವರ್ ನಿಧಾನ. ಮಗು ಹತ್ತನೇ ಕ್ಲಾಸಿಗೆ ಹೋದ ವರ್ಷವೇ ಮಾಡಿಸಿ ಇಡಿ. ಜಾತಿ, ಆದಾಯ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳನ್ನೂ ಒಂದೇ ಫೈಲಿನಲ್ಲಿ ಹಾಕಿ. ಹೆಸರಿನ ಇನಿಶಿಯಲ್ ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇದ್ದರೆ ಈಗಲೇ ಸರಿಮಾಡಿಸಿ.

ಮಗಳು ಮೆಕ್ಯಾನಿಕಲ್ ಕೇಳುತ್ತಿದ್ದಾಳೆ. ಕಳಿಸಬಹುದಾ?

ಕಳಿಸಿ. ಯಂತ್ರಕ್ಕೆ ಗಂಡು ಹೆಣ್ಣು ಗೊತ್ತಿಲ್ಲ, ಅಳತೆ ಮಾತ್ರ ಗೊತ್ತು. ಮೈಕ್ರೋಮೀಟರ್ ಹಿಡಿದು ನೂರನೇ ಒಂದು ಮಿಲಿಮೀಟರ್ ಓದುವ ತಾಳ್ಮೆ ನಾನು ಕಲಿಸಿದ ಹುಡುಗಿಯರಲ್ಲೇ ಜಾಸ್ತಿ ಕಂಡಿದ್ದು. ಕೇಳಬೇಕಾದದ್ದು ಬೇರೆ. ಹಾಸ್ಟೆಲ್ ಇದೆಯಾ, ವರ್ಕ್‌ಶಾಪ್ ಬ್ಲಾಕಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ, ಸಂಜೆ ಕೊನೆಯ ಬಸ್ ಎಷ್ಟಕ್ಕೆ. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಖರ್ಚಿಲ್ಲ. ಕಂಪ್ಲಿಯಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ದಿನಾ ಬಂದು ಓದುವ ಹುಡುಗಿಯರ ಗುಂಪೇ ಇದೆ. ಒಬ್ಬಳೇ ಹೇಗೆ ಅನ್ನುವ ಚಿಂತೆ ಬೇಡ.

ಕನ್ನಡ ಮಾಧ್ಯಮದವರಿಗೆ ಕಷ್ಟ ಆಗಲ್ವಾ?

ಮೊದಲ ಆರು ತಿಂಗಳು ಆಗುತ್ತದೆ. ನನಗೂ ಆಗಿತ್ತು. 'ಸ್ಟ್ರೆಸ್' ಅಂದರೆ ಲೋಹದ ಒಳಗಿನ ಒತ್ತಡ ಅಂತ ಗೊತ್ತಿಲ್ಲದೆ, ಮನಸ್ಸಿನ ಒತ್ತಡ ಅಂದುಕೊಂಡು ಮೊದಲ ಟೆಸ್ಟ್ ಬರೆದವನು ನಾನು. ಆದರೆ ತಾಂತ್ರಿಕ ವಿಷಯದ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷಿನಂತಲ್ಲ. ಇನ್ನೂರು ಮುನ್ನೂರು ಪದ ತಿರುಗಿ ತಿರುಗಿ ಬರುತ್ತವೆ, ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದು ಪದ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ, ಚಿಕ್ಕ ಚಿತ್ರ ಹಾಕಲಿ. ದೀಪಾವಳಿ ಹೊತ್ತಿಗೆ ಹಿಡಿತ ಬರುತ್ತದೆ. ನಿಜವಾಗಿ ಹುಡುಗರನ್ನು ಫೇಲ್ ಮಾಡಿಸುವುದು ಗಣಿತ. ಇಂಗ್ಲಿಷ್ ಮೇಲೆ ಸುಮ್ನೆ ಅಪವಾದ.

ಡಿಪ್ಲೊಮಾ ಆದ ಮೇಲೆ ಇಂಜಿನಿಯರಿಂಗ್ ಮಾಡಬಹುದಾ?

ಧಾರಾಳವಾಗಿ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ಸೀದಾ ಸೇರಬಹುದು. ಪರೀಕ್ಷೆ ನಡೆಸುವುದು ಕೆಇಎ, ಸಿಇಟಿ ನಡೆಸುವವರೇ. ಹೀಗೆ ಬಂದವರು ಲ್ಯಾಬಿನಲ್ಲಿ ಮುಂದು, ಗಣಿತದಲ್ಲಿ ಸ್ವಲ್ಪ ಹಿಂದು. ರಜೆಯಲ್ಲಿ ಪಿಯುಸಿ ಗಣಿತ ಪುಸ್ತಕ ತಿರುವಿದರೆ ಆ ಕೊರತೆಯೂ ತುಂಬುತ್ತದೆ.

ಅಪ್ರೆಂಟಿಸ್ ಅಂದರೆ ಪುಕ್ಕಟೆ ದುಡಿಸಿಕೊಳ್ಳುವುದಾ?

ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಡಲೇಬೇಕು. ಐಟಿಐ, ಡಿಪ್ಲೊಮಾ, ಬಿಇ ಮೂವರೂ ಹೋಗಬಹುದು. ಕೊಡುವ ಹಣ ಕಡಿಮೆ, ನೌಕರಿ ಖಾತ್ರಿ ಇಲ್ಲ. ಆದರೆ ಓಡುವ ಟರ್ಬೈನಿನ ಪಕ್ಕ ನಿಂತು ಕಲಿತ ಒಂದು ವರ್ಷಕ್ಕೆ ಇಂಟರ್‌ವ್ಯೂನಲ್ಲಿ ತೂಕ ಇದೆ. ಒಂದು ಎಚ್ಚರಿಕೆ: ಅಪ್ರೆಂಟಿಸ್ ಸೀಟು ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರು ಮೋಸಗಾರರು. ಅರ್ಜಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ.

ಕಾಲೇಜಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರಂತೆ?

ನೋಡಿ ವಾಪಸ್ ಕೊಡಬೇಕು. ನಿಯಮ ಹಾಗೇ ಇದೆ. ಇಟ್ಟುಕೊಂಡರೆ ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಜಗಳ ಆಡಿದರೆ ಗಂಟಲು ನೋವು ಬರುತ್ತದೆ, ಕಾರ್ಡ್ ಬರಲ್ಲ.

ಸೀಟು ಸಿಕ್ಕಿದೆ. ಕ್ಲಾಸ್ ಶುರುವಾಗುವ ಮುಂಚೆ ಮನೆಯಲ್ಲಿ ಏನು ಕಲಿತಿರಬೇಕು?

ಭಿನ್ನರಾಶಿ, ದಶಮಾಂಶ ಇನ್ನೊಮ್ಮೆ ಮಾಡಲಿ. ಸ್ಕೇಲಿನಲ್ಲಿ ಮಿಲಿಮೀಟರ್ ಸರಿಯಾಗಿ ಓದುವುದು ಕಲಿಯಲಿ. ನಗಬೇಡಿ, ಹೊಸ ಬ್ಯಾಚಿನಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ. ಮನೆಯಲ್ಲಿ ಮೂಲೆ ಸೇರಿದ ಹಳೇ ಮಿಕ್ಸಿ ಇದ್ದರೆ, ಪ್ಲಗ್ ಕಿತ್ತು, ಒಂದು ಹಳೇ ಪಂಚೆ ಹಾಸಿ, ಅದರ ಮೇಲೆ ಬಿಚ್ಚಿ ಮತ್ತೆ ಜೋಡಿಸಲಿ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದರೆ ಬೈಯಬೇಡಿ. ನನಗೆ ಮೂರು ಉಳಿದಿದ್ದವು.